ಕೋಲಾರದ ಗಣಿಯವರು ಗುಲಾಮರಲ್ಲ

2022ರ ಏಪ್ರಿಲ್ 14, ಅಂಬೇಡ್ಕರ್ ಜಯಂತಿ. ‘ಕೆಜಿಎಫ್’ ಎರಡನೇ ಭಾಗ ತೆರೆ ಕಂಡದ್ದು ಅದೇ ದಿನ. ದಲಿತ ಕಾರ್ಮಿಕರ ಎಲುಬಿನ ಮೇಲೆ ಎದ್ದು ನಿಂತ ಊರಿನ ಹೆಸರನ್ನು ಬಾಚಿಕೊಂಡ ಸಿನಿಮಾ, ಆ ದಲಿತರ ಬದುಕಿನ ಸುಳಿವೇ ಇಲ್ಲದೆ ದೇಶವನ್ನೆಲ್ಲ ಸುತ್ತಿತು. ನಾವು ಶಿಳ್ಳೆ ಹೊಡೆದೆವು.

ಕಥೆ ಎಲ್ಲರಿಗೂ ಗೊತ್ತು. ಎಪ್ಪತ್ತರ ದಶಕದ ಕೊನೆ, ನರಾಚಿ ಎಂಬ ಗಣಿ. ಮಣ್ಣು ಮೆತ್ತಿದ ಮುಖದ ಸಾವಿರಾರು ಗುಲಾಮರು ಹೊಡೆತ ತಿನ್ನುತ್ತಾರೆ, ಅಳುತ್ತಾರೆ, ಕಾಯುತ್ತಾರೆ. ಮುಂಬೈಯಿಂದ ನಾಯಕ ರಾಕಿ ಬಂದು ಗಣಿಯ ಒಡೆಯ ಗರುಡನ ತಲೆ ಕಡಿದ ಮೇಲೆ ಅವರು ಹೊಸ ದೊರೆಗೆ ಜೈಕಾರ ಹಾಕುತ್ತಾರೆ. ಎರಡು ಭಾಗಗಳಲ್ಲೂ ಅವರಿಗಿರುವ ಕೆಲಸ ಇಷ್ಟೇ.

ನಿಜವಾದ ಗಣಿಯಲ್ಲಿ ಆ ಹೊತ್ತಿಗೆ ಏನಿತ್ತು? ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪನಿ ಇತ್ತು. ಕಾರ್ಮಿಕ ಸಂಘಗಳಿದ್ದವು. ಅವುಗಳ ಹಿಂದೆ ದಶಕಗಳ ಹೋರಾಟವಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಉತ್ತರ ಆರ್ಕಾಟಿನಿಂದ, ಸೇಲಂನಿಂದ, ಚಿತ್ತೂರಿನ ಕಡೆಯಿಂದ ಬಂದವರಲ್ಲಿ ಬಹುಪಾಲು ಹೊಲೆಮಾದಿಗರ, ಪರೆಯರ ಮಕ್ಕಳು. ಊರ ಗೌಡನ ಹೊಲದ ಜೀತಕ್ಕಿಂತ ಮೂರು ಕಿಲೋಮೀಟರ್ ಆಳದ ಬೆಂಕಿಯಂಥ ಸೆಕೆಯೇ ವಾಸಿ ಎಂದು ಇಳಿದವರು. ಬಂಡೆ ಸಿಡಿದು ಸತ್ತರು. ಸಿಲಿಕಾ ಧೂಳು ಕುಡಿದು ಎದೆಗೂಡು ಕಲ್ಲಾಗಿ ಸತ್ತರು. ಆದರೆ ತಲೆ ಬಗ್ಗಿಸಿ ಕೂತವರಲ್ಲ ಅವರು. ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿದರು, ಮಕ್ಕಳನ್ನು ಓದಿಸಿದರು. 1930ರಲ್ಲಿ ಕಂಪನಿ ಕಳ್ಳರಿಗೆ ಮಾಡುವಂತೆ ಬೆರಳಚ್ಚು ತೆಗೆಯಲು ಹೊರಟಾಗ ಕೆಲಸ ನಿಲ್ಲಿಸಿ ಹೊರಗೆ ನಿಂತರು. 1946ರ ಮುಷ್ಕರದಲ್ಲಿ ಪೊಲೀಸರ ಗುಂಡಿಗೆ ಆರು ಜನ ಬಿದ್ದರು. ರಿಪಬ್ಲಿಕನ್ ಪಕ್ಷದವರನ್ನು ವಿಧಾನಸಭೆಗೆ ಆರಿಸಿ ಕಳಿಸಿದ ಜನ ಇವರು.

ಇಂಥವರನ್ನು ಮೂಕ ಮಂದೆ ಮಾಡಿದ್ದೀರಿ. ಕಲ್ಪಿತ ಕಥೆ ಎನ್ನುತ್ತೀರಿ. ಕಲ್ಪಿತವಾದರೆ ಹೆಸರೂ ಕಲ್ಪಿತವೇ ಆಗಬೇಕಿತ್ತು. ಊರಿನ ಹೆಸರು ಬೇಕು, ಸೆಟ್ ಹಾಕಲು ಅಲ್ಲಿನ ಸೈನೈಡ್ ಗುಡ್ಡ ಬೇಕು, ಅದರ ಧೂಳು ಉಸಿರಾಡುವ ಜನರ ಚರಿತ್ರೆ ಮಾತ್ರ ಬೇಡ!

ಇದು ಒಂದು ಸಿನಿಮಾದ ರೋಗವಲ್ಲ. 1995ರ ‘ಓಂ’ ನೋಡಿ. ನಾಯಕ ಸತ್ಯ ಅರ್ಚಕರ ಮಗ. ಅವನು ಮಚ್ಚು ಹಿಡಿಯುವುದಕ್ಕೆ ಪ್ರೀತಿಯ ಕಾರಣವಿದೆ, ತಾಯಿಯ ಕಣ್ಣೀರಿದೆ, ಮರಳಿ ಬರಲು ದಾರಿಯೂ ಇದೆ. ಅವನ ಸುತ್ತ ನಿಂತ ಕೊಳೆಗೇರಿಯ ಹುಡುಗನಿಗೆ ಕಾರಣವೇ ಬೇಕಿಲ್ಲ, ಅವನು ಹುಟ್ಟಾ ರೌಡಿ ಎಂದು ನೋಡುಗ ಒಪ್ಪಿಬಿಡುತ್ತಾನೆ. ಮೂರು ದಶಕಗಳಿಂದ ನಮ್ಮ ರೌಡಿ ಸಿನಿಮಾಗಳಲ್ಲಿ ಹೆಚ್ಚಿನವು ಇದೇ ಲೆಕ್ಕದಲ್ಲಿ ನಡೆದಿವೆ: ಕಪ್ಪು ಮೈ, ಒರಟು ಮಾತು, ಅಡ್ಡಹೆಸರು, ಎರಡನೇ ರೀಲಿನಲ್ಲಿ ಹೆಣ. ಹೆಣ್ಣಿಗೂ ಅಷ್ಟೇ. ತಾಯಿಯಾದರೆ ಪೂಜೆ, ಪ್ರೇಯಸಿಯಾದರೆ ಬಲವಂತವಾಗಿ ಎತ್ತಿಕೊಂಡು ಹೋಗುವ ಸರಕು. ‘ಕೆಜಿಎಫ್’ನ ರಾಕಿ ತಾನು ಪ್ರೀತಿಸಿದ ರೀನಾಳಿಗೆ ಮಾಡಿದ್ದು ಅದನ್ನೇ, ಅದಕ್ಕೂ ಚಪ್ಪಾಳೆ ಬಿತ್ತು.

ಕೋಲಾರದ ಚಿನ್ನದ ಕಥೆಯ ನಡುವೆ ದಲಿತನೊಬ್ಬನನ್ನು ನಾಯಕನಾಗಿ ನಿಲ್ಲಿಸಿದ್ದು 2024ರ ‘ತಂಗಲಾನ್’. ಮಾಡಿದವರು ಪಾ. ರಂಜಿತ್, ತಮಿಳಿನಲ್ಲಿ. ಆ ಸಿನಿಮಾದ ಬಗ್ಗೆ ತಕರಾರು ಎತ್ತಬಹುದು. ಆದರೆ ಗಣಿ ಇರುವುದು ನಮ್ಮ ನೆಲದಲ್ಲಿ, ನಮ್ಮ ಚಿತ್ರರಂಗದ ಗಾಂಧಿನಗರದಿಂದ ಎರಡೂವರೆ ಗಂಟೆ ದಾರಿ. ಗಾಂಧಿನಗರಕ್ಕೆ ನಾಚಿಕೆಯಾಗಬೇಕು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಗಣಿ ಕಾರ್ಮಿಕರ ಲೈನ್ ಮನೆಗಳ ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಿದ್ದಾರೆ. ಅವರಲ್ಲಿ ಬರೆಯುವವರಿದ್ದಾರೆ, ಹಾಡುವವರಿದ್ದಾರೆ, ಅಜ್ಜನ ಮುಷ್ಕರದ ಕಥೆಯನ್ನು ಬಾಯಿಪಾಠ ಹೇಳುವವರಿದ್ದಾರೆ. ಚಿತ್ರಕಥೆ ಬರೆಯುವ ಕೋಣೆಗೆ ಅವರನ್ನು ಕರೆಯಿರಿ, ಸಂಬಳ ಕೊಟ್ಟು, ಹೆಸರು ಹಾಕಿ. ಮುಖಕ್ಕೆ ಮಸಿ ಬಳಿದು ಗುಂಪಿನಲ್ಲಿ ನಿಲ್ಲಿಸುವುದಕ್ಕಾದರೆ ಕರೆಯಲೇಬೇಡಿ.