ಡಿಶ್ ತಗಸಂಗಿಲ್ಲ

ಮಗಳನ್ನ ನೋಡಲಿಕ್ಕೆ ಗಂಡಿನವರು ಬರೂ ಮೊದಲ ಮಾಳಗಿ ಮ್ಯಾಲಿನ ಡಿಶ್ ತಗಸಿಬಿಡು ಅಂತ ನಮ್ಮ ನೆಗೆಣ್ಣಿ ಹೇಳಿದ್ರು. ಹೆಣ್ಣಹುಡುಗಿ ತಂತಿ ಜೋಡಿಸಿಕೋತ ಕೂಡೂದು ಕಂಡ್ರ ಮಂದಿ ಏನಂದಾರು ಅಂತ. ನಾ ತಗಸಂಗಿಲ್ಲ ಅಂದೆ. ಯಾಕಂತ ಕೇಳ್ರಿ.

ಆಕಿ ಪರೀಕ್ಷಾ ಪಾಸಾಗಿ ಹ್ಯಾಮ್ ರೇಡಿಯೋ ಲೈಸೆನ್ಸ್ ತಗೊಂಡಾಳ. 12 ವರ್ಷ ತುಂಬಿದವರು ಯಾರರ ಆ ಪರೀಕ್ಷಾ ಬರೀಬಹುದು. 36,000 ಕಿಲೋಮೀಟರ್ ಮ್ಯಾಲೆ ಕ್ಯೂಒ-100 ಅಂತ ಉಪಗ್ರಹ ಅದ, 2018ರಾಗ ಹಾರಿಸಿದ್ದು. 2.4 ಗಿಗಾಹರ್ಟ್ಸ್‌ನಾಗ ಕಳಿಸಿದ ಮಾತು 10 ಗಿಗಾಹರ್ಟ್ಸ್‌ನಾಗ ಕೆಳಗ ಬರ್ತದ, ಬ್ರೆಜಿಲ್‌ದಿಂದ ಥೈಲ್ಯಾಂಡ್ ತನಕ ಕೇಳಸ್ತದ. ಕೇಳಲಿಕ್ಕೆ ಹಳೇ ಟೀವಿ ಡಿಶ್ಶಿಂದ ಎಲ್‌ಎನ್‌ಬಿ ನಡೀತದ. ಕಳಸಲಿಕ್ಕೆ ತಾಮ್ರದ ತಂತಿ ಸುರುಳಿ, ಒಂದೊಂದ ಸುತ್ತು ಸುಮಾರು 12.5 ಸೆಂಟಿಮೀಟರ್ ಇರಬೇಕಂತ. ನನ್ನ ಲಟ್ಟಣಗಿ ಅಳದು ನೋಡಿ, ಅದಕ್ಕ ಸುತ್ತಿದಳು! ಆವತ್ತು ನಮ್ಮನ್ಯಾಗ ಚಪಾತಿ ಇಲ್ಲ, ಬರೇ ಅನ್ನ.

ಮೈಕ್ರೋವೇವ್ ಅಂದ್ರ ಸುಡತದ ಅಂತ ಬಾಜೂ ಮನಿಯವರಿಗೆ ಹೆದರಿಕಿ. ಅಡಗಿಮನಿ ಓವನ್ನೂ ಹೆಚ್ಚುಕಡಿಮಿ ಅದ ಅಲಿಯಿಂದನ ಬಿಸಿ ಮಾಡತದ ಖರೆ, ಆದ್ರ ಅದು 800 ವ್ಯಾಟ್, ಈಕಿದು ನಾಕೈದು. ಅಷ್ಟಿದ್ರೂ, ಕಳಸೂ ಮುಂದ ಡಿಶ್ ಎದುರಿಗೆ ಯಾರೂ ನಿಲ್ಲಬಾರದಂತ ಆಕೀನ ನೇಮ ಮಾಡ್ಯಾಳ.

ಇಷ್ಟು ಅಳತಿ, ಇಷ್ಟು ಎಚ್ಚರ ಇರೂ ಹುಡುಗೀನ್ನ ಮುಚ್ಚಿಟ್ಟು ತೋರಸೂದು ಎರಡೂ ಕಡಿ ಮೋಸ. ಇವತ್ತು ಡಿಶ್ ಬ್ಯಾಡ ಅನ್ನವರು ನಾಳೆ ಆಕೀ ಬಾಯೀನೂ ಬ್ಯಾಡ ಅಂತಾರ. ಬಂದವರಿಗೆ ಮೊದಲ ಮಾಳಗಿ ತೋರಸ್ತೀನಿ, ಆಮ್ಯಾಲೆ ಅವಲಕ್ಕಿ. ನೀವೇನಂತೀರಿ?