ನಾಲ್ಕು ಕಥನ, ಒಂದು ಚರಿತೆ: ಸುವಾರ್ತೆಗಳ ಓದಿನ ಕ್ರಮವನ್ನು ಕುರಿತು

ಕನ್ನಡದ ಕ್ರೈಸ್ತ ಸಾಹಿತ್ಯವನ್ನು ಕುರಿತ ನಮ್ಮ ಚರ್ಚೆಗಳಲ್ಲಿ ‘ಯೇಸುವಿನ ಕಥೆ’ ಎಂಬ ಮಾತು ಸಾಮಾನ್ಯವಾಗಿ ಏಕವಚನದಲ್ಲಿಯೇ ಬಳಕೆಯಾಗುತ್ತದೆ. ಫರ್ಡಿನಂಡ್ ಕಿಟೆಲ್ಲರ ‘ಕಥಾಮಾಲೆ’ಯನ್ನಾಗಲಿ (1862), ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನಾಗಲಿ ವಿವೇಚಿಸುವಾಗ, ಮೂಲದಲ್ಲಿ ಸಿದ್ಧವಾದ ಒಂದು ಕಥೆಯಿದ್ದು ಕವಿ ಅದನ್ನು ಕನ್ನಡಕ್ಕೆ ತಂದನೆಂದು ಭಾವಿಸುವುದು ಸುಲಭ. ವಸ್ತುಸ್ಥಿತಿ ಹಾಗಿಲ್ಲ. ಹೊಸ ಒಡಂಬಡಿಕೆಯಲ್ಲಿರುವುದು ಮತ್ತಾಯ, ಮಾರ್ಕ, ಲೂಕ, ಯೋಹಾನರ ಹೆಸರಿನ ನಾಲ್ಕು ಕಥನಗಳು. ಅವುಗಳನ್ನು ಮೊದಲು ಬೇರೆಬೇರೆಯಾಗಿ ಓದಿ, ಅನಂತರ ಹೋಲಿಸಬೇಕೆಂಬುದು ಈ ಬರಹದ ನಿಲುವು. ಈ ಕ್ರಮ ಕನ್ನಡ ಸಂಶೋಧನೆಗೆ ಹೊಸದಲ್ಲ; ಅದನ್ನು ಇಲ್ಲಿಗೂ ವಿಸ್ತರಿಸಬೇಕಾಗಿದೆ ಅಷ್ಟೆ.

ಈ ಪ್ರಶ್ನೆ ಕೇವಲ ಗ್ರಂಥಾಲಯದ್ದಲ್ಲ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿ ಸೀಮೆಯಲ್ಲಿ ಕೊಂಕಣಿ, ತುಳು, ತಮಿಳು, ಮಲಯಾಳಂ ಮನೆಮಾತಿನ ಕ್ರೈಸ್ತ ಕುಟುಂಬಗಳು ಕನ್ನಡ ಕುಟುಂಬಗಳೊಡನೆ ಬಾಳುತ್ತಿವೆ. ಹಾಸನ ಜಿಲ್ಲೆಯು 1963ರಲ್ಲಿ ರಚನೆಯಾದ ಚಿಕ್ಕಮಗಳೂರು ಕಥೋಲಿಕ ಧರ್ಮಪ್ರಾಂತ್ಯಕ್ಕೆ ಸೇರಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಪೂಜಾವಿಧಿ ದೇಶಭಾಷೆಗಳಿಗೆ ಬಂದಿತು. 1969ರಲ್ಲಿ ಹೊಸ ವಾಚನಕ್ರಮವೊಂದು ಪ್ರಕಟವಾಯಿತು. ಅದರ ಪ್ರಕಾರ ಗರಿಗಳ ಭಾನುವಾರದಂದು ಮೂರು ವರ್ಷಗಳ ಆವರ್ತದಲ್ಲಿ ಮತ್ತಾಯ, ಮಾರ್ಕ, ಲೂಕರ ಯಾತನೆಯ ಕಥನಗಳು ಸರದಿಯಂತೆ ವಾಚನಗೊಳ್ಳುತ್ತವೆ. ಶುಭ ಶುಕ್ರವಾರದಂದು ಮಾತ್ರ ಪ್ರತಿವರ್ಷವೂ ಯೋಹಾನನ ಕಥನ. ಹೀಗಾಗಿ ಈ ಗುಡ್ಡಗಾಡಿನ ಕಥೋಲಿಕ ಶ್ರೋತೃವು ಒಂದೇ ವಾರದೊಳಗೆ ಒಂದೇ ಮರಣವನ್ನು ಎರಡು ಬಗೆಯಾಗಿ ಕೇಳುತ್ತಾನೆ.

ಆ ಎರಡು ಬಗೆಗಳ ಅಂತರ ಸಣ್ಣದಲ್ಲ. ಮಾರ್ಕನಲ್ಲಿ ಯೇಸು ಗೆತ್ಸೆಮನೆಯಲ್ಲಿ ತಳಮಳಗೊಳ್ಳುತ್ತಾನೆ, ಶಿಷ್ಯರು ಓಡಿಹೋಗುತ್ತಾರೆ, ಶಿಲುಬೆಯ ಮೇಲಿನಿಂದ ಕೇಳುವುದು ದೇವರು ತನ್ನನ್ನು ಕೈಬಿಟ್ಟನೇಕೆಂಬ ಒಂದೇ ಮೊರೆ. ಯೋಹಾನನಲ್ಲಿ ಆ ತೋಟದ ತಳಮಳವಿಲ್ಲ; ಬಂಧಿಸಲು ಬಂದವರೇ ಹಿಮ್ಮೆಟ್ಟಿ ನೆಲಕ್ಕೆ ಬೀಳುತ್ತಾರೆ. ಮೊದಲ ಮೂವರಲ್ಲಿ ಶಿಲುಬೆಯನ್ನು ಹೊರಲು ಸಿರೇನ್ ಪಟ್ಟಣದ ಸಿಮೋನನನ್ನು ಹಿಡಿಯುತ್ತಾರೆ. ಯೋಹಾನನಲ್ಲಿ ಯೇಸು ತಾನೇ ಅದನ್ನು ಹೊರುತ್ತಾನೆ. ಮಾರ್ಕನ ಪ್ರಕಾರ ಶಿಲುಬೆಗೇರಿಸಿದ್ದು ಬೆಳಗಿನ ಒಂಬತ್ತರ ಹೊತ್ತಿಗೆ. ಯೋಹಾನನಲ್ಲಿ ನಡುಹಗಲಾದರೂ ವಿಚಾರಣೆ ಪಿಲಾತನ ಮುಂದೆಯೇ ಇದೆ. ಮೊದಲ ಮೂವರಲ್ಲಿ ಕಡೆಯ ಭೋಜನವೇ ಪಾಸ್ಕ ಹಬ್ಬದ ಊಟ. ಯೋಹಾನನಲ್ಲಿ ಹಬ್ಬದ ಕುರಿಮರಿಗಳನ್ನು ಕೊಯ್ಯುವ ಸಿದ್ಧತೆಯ ದಿನದಂದೇ ಮರಣ. ತನ್ನ ಕಥನದ ಆರಂಭದಲ್ಲಿಯೇ ಯೇಸುವನ್ನು ದೇವರ ಕುರಿಮರಿಯೆಂದು ಕರೆಯಿಸಿದ ಯೋಹಾನನಿಗೆ ಈ ಕಾಲನಿರ್ದೇಶ ಅರ್ಥಪೂರ್ಣವಾದುದು. ಭೇದಗಳು ನೆನಪಿನ ಸಡಿಲಿಕೆಯಿಂದ ಮಾತ್ರ ಹುಟ್ಟಿದವಲ್ಲ. ಒಂದೊಂದರ ಹಿಂದೆಯೂ ಒಂದೊಂದು ದರ್ಶನವಿದೆ.

ಬೆರೆಸುವ ಪರಂಪರೆಯೂ ಹಳೆಯದೇ. ಶುಭ ಶುಕ್ರವಾರದ ಪ್ರಸಂಗಗಳಲ್ಲಿ ಬರುವ ‘ಏಳು ಮಾತುಗಳು’ ಯಾವೊಂದು ಸುವಾರ್ತೆಯಲ್ಲಿಯೂ ಒಟ್ಟಾಗಿಲ್ಲ: ಮಾರ್ಕ–ಮತ್ತಾಯರಿಬ್ಬರಲ್ಲಿಯೂ ಇರುವ ಒಂದು, ಲೂಕನ ಮೂರು, ಯೋಹಾನನ ಮೂರು ಸೇರಿ ಏಳಾಗಿವೆ. ಕ್ರಿಸ್ಮಸ್ ಗೋದಲಿಯಲ್ಲಿ ಲೂಕನ ಕುರುಬರೂ ಮತ್ತಾಯನ ಜ್ಞಾನಿಗಳೂ ಅಕ್ಕಪಕ್ಕದಲ್ಲಿ ನಿಲ್ಲುತ್ತಾರೆ; ಗ್ರಂಥದಲ್ಲಿ ಅವರು ಒಬ್ಬರನ್ನೊಬ್ಬರು ಕಂಡಿಲ್ಲ. ಎರಡನೆಯ ಶತಮಾನದ ತಾತಿಯಾನನು ನಾಲ್ಕನ್ನೂ ಹೆಣೆದು ‘ದಿಯಾತೆಸ್ಸರೋನ್’ ಎಂಬ ಒಂದೇ ಕಥನವನ್ನು ರಚಿಸಿದನು. ಸಿರಿಯಾಕ್ ಸಭೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಅದು ಐದನೆಯ ಶತಮಾನದಲ್ಲಿ ಬಿಡಿ ಸುವಾರ್ತೆಗಳಿಗೆ ಎಡೆಗೊಟ್ಟಿತು. ಭಕ್ತಿಯ ಆವರಣದಲ್ಲಿ ಬೆರಕೆಗೆ ತನ್ನದೇ ಆದ ಸೊಗಸೂ ಅಗತ್ಯವೂ ಇವೆ. ಆದರೆ ಸಂಶೋಧಕನು ಗೋದಲಿಯನ್ನು ಕಂಡು ಅದೇ ಮೂಲಪಠ್ಯವೆಂದು ತಿಳಿಯಬಾರದು.

ಈ ವಿವೇಕವನ್ನು ಕನ್ನಡ ವಿದ್ವತ್ತು ಬೇರೆಡೆಯಲ್ಲಿ ಸಾಧಿಸಿದೆ. ಶೂನ್ಯಸಂಪಾದನೆಗಳು ನಾಲ್ಕು: ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಅವುಗಳ ಸಂಪಾದಕರು. ಸಿದ್ಧರಾಮನ ದೀಕ್ಷೆಯ ಪ್ರಸಂಗ ನಾಲ್ಕರಲ್ಲಿಯೂ ಒಂದೇ ತೆರನಾಗಿಲ್ಲವೆಂಬುದನ್ನು ವಚನ ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಹಾಗೆಂದು ನಾಲ್ಕನ್ನೂ ಕಲಸಿ ಐದನೆಯದೊಂದನ್ನು ಯಾರೂ ಮಾಡಿಲ್ಲ. ಯಾವ ಸಂಪಾದಕನು ಯಾವ ಉದ್ದೇಶದಿಂದ ಏನನ್ನು ಸೇರಿಸಿದನೆಂದು ಕೇಳಿದ್ದೇವೆ. ಸುವಾರ್ತೆಗಳಲ್ಲಿಯೂ ಇಂತಹ ಪೂರ್ವಾಪರ ಸಂಬಂಧವಿದೆ. ಮಾರ್ಕನದು ಮೊದಲನೆಯದು, ಸುಮಾರು ಕ್ರಿ.ಶ. 70ರದು, ಮತ್ತಾಯ, ಲೂಕರು ಅದನ್ನು ಬಳಸಿಕೊಂಡು ತಿದ್ದಿ ಬೆಳೆಸಿದರು, ಯೋಹಾನನದು ಶತಮಾನದ ಕೊನೆಯದು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಶೂನ್ಯಸಂಪಾದನೆಗೆ ಸಲ್ಲುವ ಪ್ರಶ್ನೆಗಳು ಇಲ್ಲಿಯೂ ಸಲ್ಲುತ್ತವೆ.

ಕನ್ನಡದ ಓದಿಗೆ ಇನ್ನೊಂದು ತೊಡಕುಂಟು; ಅದು ಭಾಷೆಯಿಂದಲೇ ಬಂದುದು. ಸುವಾರ್ತೆಗಳ ಗ್ರೀಕಿನಲ್ಲಿ ಒಬ್ಬ ವ್ಯಕ್ತಿಗೆ ಗೌರವದ ಬಹುವಚನವಿಲ್ಲ. ಕನ್ನಡದ ಅನುವಾದಕನು ಒಂದನ್ನು ಆರಿಸಲೇಬೇಕು. ಪ್ರೊಟೆಸ್ಟೆಂಟ್ ಪರಂಪರೆಯ ಹಳೆಯ ‘ಸತ್ಯವೇದ’ದಲ್ಲಿ ‘ಯೇಸು’, ‘ಆತನು’ ಎಂಬ ರೂಪಗಳಿವೆ. ಕಥೋಲಿಕರ ಬಳಕೆಯ ಅನುವಾದದಲ್ಲಿ ‘ಯೇಸುಸ್ವಾಮಿ’, ‘ಅವರು’ ಎಂದಿದೆ. ಯಾವುದನ್ನು ಆರಿಸಿದರೂ ನಾಲ್ಕು ಕಥನಗಳಿಗೂ ಒಂದೇ ಗೌರವದ ಸ್ವರ ಬಂದುಬಿಡುತ್ತದೆ. ಮಾರ್ಕನ ಆತುರದ ಬಿರುಸು ನಡೆ, ಯೋಹಾನನ ನಿಧಾನದ ಗಾಂಭೀರ್ಯ ಇವೆರಡರ ಅಂತರ ಕಿರಿದಾಗುತ್ತದೆ. ಕಥನಭೇದವನ್ನು ಕಾಣಬಯಸುವವರು ಅನುವಾದಗಳನ್ನೂ ಒಂದರ ಪಕ್ಕದಲ್ಲೊಂದಿರಿಸಿ ನೋಡಬೇಕು.

ಇಲ್ಲಿ ಎರಡು ಎಚ್ಚರಗಳು ಅಗತ್ಯ. ಭೇದವನ್ನು ತೋರಿಸುವುದು ಗ್ರಂಥವನ್ನು ಸುಳ್ಳೆನ್ನುವುದಕ್ಕಲ್ಲ. ಮತಖಂಡನೆಗೆ ಒದಗುವ ‘ವಿರೋಧಾಭಾಸಗಳ ಪಟ್ಟಿ’ ಸಾಹಿತ್ಯ ವಿವೇಚನೆಯಾಗಲಾರದು. ಅಂತೆಯೇ, ಭೇದವನ್ನು ಮುಚ್ಚುವುದು ನಂಬಿದವರಿಗೆ ತೋರುವ ಗೌರವವೂ ಅಲ್ಲ. ನಾಲ್ಕನ್ನೂ ಉಳಿಸಿಕೊಂಡವರು ಆ ಸಮುದಾಯದವರೇ ಎಂಬುದನ್ನು ಮರೆಯಲಾಗದು.

ಈ ದೃಷ್ಟಿಯಿಂದ ಕ್ಷೇತ್ರಕಾರ್ಯಕ್ಕೂ ಒಂದು ದಾರಿ ತೆರೆಯುತ್ತದೆ. ಸಕಲೇಶಪುರ, ಆಲೂರಿನ ತೋಟಗಳ ಲೈನ್ ಮನೆಗಳಲ್ಲಿ ಹಿರಿಯರು ಹೇಳುವ ಯೇಸುವಿನ ಕಥೆಯನ್ನು ಸಂಗ್ರಹಿಸುವವರು ಅದನ್ನು ಮುದ್ರಿತ ಪಠ್ಯಕ್ಕೆ ಸರಿಹೊಂದಿಸಿ ತಿದ್ದಬಾರದು. ಹೇಳುವವರು ಮಾರ್ಕನ ಒಂಟಿ ಮೊರೆಯನ್ನು ಉಳಿಸಿಕೊಂಡರೇ, ಲೂಕನ ಕ್ಷಮೆಯನ್ನೇ, ತಾಯಿಯನ್ನು ಶಿಷ್ಯನ ಕೈಗೊಪ್ಪಿಸುವ ಯೋಹಾನನ ಸನ್ನಿವೇಶವನ್ನೇ ಎಂಬುದನ್ನು ಗುರುತಿಸಬೇಕು. ಆ ಆಯ್ಕೆಯಲ್ಲಿ ಹೇಳುವವರ ಬಾಳಿನ ಒತ್ತು ಎಲ್ಲಿದೆಯೆಂಬುದು ತಿಳಿಯುತ್ತದೆ. ಬೆರೆಸಿದ ಒಂದೇ ಕಥೆಯನ್ನು ಅಳತೆಗೋಲಾಗಿ ಹಿಡಿದವರಿಗೆ ಅದು ಬರಿಯ ತಪ್ಪಾಗಿ ತೋರೀತು. ‘ಗೊಲ್ಗೊಥಾ’ದ ಒಂದೊಂದು ವಿವರಕ್ಕೂ ಇದೇ ಪ್ರಶ್ನೆಯನ್ನು ಕೇಳಿದಲ್ಲಿ ಗೋವಿಂದ ಪೈಗಳು ಆರಿಸಿದ್ದೇನು, ಬಿಟ್ಟದ್ದೇನು, ತಾವೇ ಕಟ್ಟಿದ್ದೇನು ಎಂಬುದು ಸ್ಪಷ್ಟವಾಗುತ್ತದೆ. ಸ್ನಾತಕೋತ್ತರ ತರಗತಿಯಲ್ಲಿ ಆ ಕಾವ್ಯವನ್ನು ಬೋಧಿಸುವ ಮೊದಲು ನಾಲ್ಕು ಸುವಾರ್ತೆಗಳ ಯಾತನಾಭಾಗಗಳನ್ನು ಪಕ್ಕಪಕ್ಕದಲ್ಲಿ ಓದಿಸುವುದರಿಂದ ಈ ಕೆಲಸವನ್ನು ಆರಂಭಿಸಬಹುದು.