ನಾನು ತಪ್ಪಾಗಿ ಕಲಿಸಿದ ಒಂದು ಪಾಠ

“ಶಾಖವು ಮೇಲಕ್ಕೇರುತ್ತದೆ” ಎಂಬ ವಾಕ್ಯವನ್ನು ಮೂವತ್ತು ವರ್ಷಗಳಲ್ಲಿ ಎಷ್ಟು ಬಾರಿ ಕಪ್ಪುಹಲಗೆಯ ಮೇಲೆ ಬರೆದೆನೋ ಲೆಕ್ಕವಿಲ್ಲ. ಅದನ್ನು ಬಾಯಿಪಾಠ ಮಾಡಿ ಅಂಕ ಪಡೆದ ನನ್ನ ವಿದ್ಯಾರ್ಥಿಗಳು ದಯವಿಟ್ಟು ತಿದ್ದಿಕೊಳ್ಳಬೇಕು. ಮೇಲಕ್ಕೇರುವುದು ಬಿಸಿಗಾಳಿ. ಶಾಖವಾದರೋ ತಂಪು ಇರುವೆಡೆಗೆಲ್ಲ ಹರಿಯುತ್ತದೆ, ಕಾಲ ಕೆಳಕ್ಕೂ.

ಇದನ್ನು ನನಗೆ ಮನದಟ್ಟು ಮಾಡಿಸಿದ್ದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ಮಗಳ ಮನೆ. 2019ರ ಜನವರಿಯ ಕೊನೆಯಲ್ಲಿ ಅಲ್ಲಿನ ಉಷ್ಣತೆ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಹೀಟರು ಹಗಲಿರುಳು ಉರಿದರೂ ನನ್ನ ಶ್ರೀಮತಿಗೆ ಎರಡು ಜೊತೆ ಕಾಲುಚೀಲ ಸಾಲದು. ಅಳಿಯಂದಿರು ಕಿಟಕಿಗಳನ್ನೆಲ್ಲ ಬದಲಿಸುವ ಸಿದ್ಧತೆಯಲ್ಲಿದ್ದರು. ನಾನೋ ನೆಲಮಾಳಿಗೆಗೆ ಇಳಿದು ಗೋಡೆ ಮುಟ್ಟಿ ನೋಡಿದೆ. ಬರಿಯ ಕಾಂಕ್ರೀಟು, ಮುಟ್ಟಿದರೆ ಕೈ ಕೊರೆಯುತ್ತಿತ್ತು.

ಹೆಪ್ಪುಗಟ್ಟಿದ ಮಣ್ಣು ಉಬ್ಬಿ ಮನೆಯನ್ನೆತ್ತದಿರಲೆಂದು ಅಲ್ಲಿ ತಳಪಾಯವನ್ನು ಕನಿಷ್ಠ ಮೂರೂವರೆ ಅಡಿ ಆಳಕ್ಕೆ ಇಳಿಸುತ್ತಾರೆ. ಆ ಗೋಡೆಯ ಮೇಲ್ಭಾಗ ಹೊರಗಿನ ಗಾಳಿಗೂ ಹೆಪ್ಪುಗಟ್ಟಿದ ಮಣ್ಣಿಗೂ ಮೈಯೊಡ್ಡಿರುತ್ತದೆ. ಸೋರಿಕೆ ಹೆಚ್ಚು ಅಲ್ಲಿಯೇ. ಜೊತೆಗೆ, ನೆಲದ ಮರದ ತೊಲೆಗಳು ಗೋಡೆಯ ಮೇಲೆ ಕೂರುವ ಸಂದಿನಲ್ಲಿ. ಕಾಂಕ್ರೀಟು ಶಾಖವನ್ನು ಫೋಮ್ ಹಲಗೆಗಿಂತ ಹತ್ತಾರು ಪಟ್ಟು ಸುಲಭವಾಗಿ ಸಾಗಿಸುತ್ತದೆ. ಆದರೆ ನೆಂಟರ ಕಣ್ಣಿಗೆ ಬೀಳುವುದು ಕಿಟಕಿ, ತಳಪಾಯವಲ್ಲ!

ವಾದ ಎರಡು ದಿನ ನಡೆಯಿತು. ಮಗಳು ನನ್ನ ಪಕ್ಷ ವಹಿಸಿದಳು. ಬೇಸಿಗೆಯಲ್ಲಿ, ಮಳೆನೀರು ಗೋಡೆಯ ಬುಡಕ್ಕಿಳಿಯದಂತೆ ಮೊದಲು ಸರಿಪಡಿಸಿ (ಒದ್ದೆ ಗೋಡೆಗೆ ಹೊದಿಕೆ ಹಾಕಿದರೆ ಬೂಷ್ಟು ನಿಶ್ಚಿತ), ಎರಡು ಅಂಗುಲ ದಪ್ಪದ ಫೋಮ್ ಅಂಟಿಸಿ, ಸಂದುಗಳನ್ನು ಮುಚ್ಚಿದರು. ಫೋಮ್ ಬೆಂಕಿಗೆ ಬೇಗ ತುತ್ತಾಗುವುದರಿಂದ ಮೇಲೆ ಜಿಪ್ಸಮ್ ಹಲಗೆಯ ಹೊದಿಕೆ. ಕಿಟಕಿಗಳು ಇಂದಿಗೂ ಹಳೆಯವೇ. ಮುಂದಿನ ಚಳಿಗಾಲದಲ್ಲಿ ಮೊಮ್ಮಗ ಅದೇ ನೆಲಮಾಳಿಗೆಯಲ್ಲಿ ಬರಿಗಾಲಲ್ಲಿ ಆಡುವುದನ್ನು ಫೋನಿನಲ್ಲಿ ಕಂಡೆವು.

ಈ ಕಥೆ ಕೇಳಿದ ತಮ್ಮನ ಮಗ, ಬೆಂಗಳೂರಿನಲ್ಲಿ ಕಟ್ಟಿಸುತ್ತಿರುವ ಮನೆಯ ನೆಲದಡಿಯಲ್ಲೂ ಫೋಮ್ ಹಾಸಲೇ ಎಂದು ಕೇಳಿದ್ದಾನೆ. ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಮಿನಿಯಾಪೊಲಿಸ್‌ನ ಆಳದ ಮಣ್ಣು ವರ್ಷವಿಡೀ ಸುಮಾರು ಹತ್ತು ಡಿಗ್ರಿ. ನಮ್ಮದು ಇಪ್ಪತ್ತನ್ನು ಮೀರಿದ್ದು, ಬೇಸಿಗೆಯ ಗಾಳಿಗಿಂತ ಹಿತವಾದ ತಂಪು. ವೈಶಾಖದ ಮಧ್ಯಾಹ್ನ ರೆಡ್ ಆಕ್ಸೈಡ್ ನೆಲದ ಮೇಲೆ ಚಾಪೆಯನ್ನೂ ಹಾಸದೆ ಮಲಗಿದವರಿಗೆ ಇದನ್ನು ವಿವರಿಸಬೇಕೆ? ನಮ್ಮಲ್ಲಿ ಬಿಸಿಲು ಒಳನುಗ್ಗುವುದು ಆರ್‌ಸಿಸಿ ತಾರಸಿಯಿಂದ. ಫೋಮಿನ ಹಣವನ್ನು ಅಲ್ಲಿಗೆ ಸುರಿಯಲಿ. ಅವನ ತಾರಸಿಯ ನಕ್ಷೆಗಾಗಿ ಕಾದಿದ್ದೇನೆ.